ಮುಟ್ಟದೆಯೇ ನಿಂತ ನೆಟೆ ರೋಗದ ಶಿಲೀಂಧ್ರ: ಬ್ಯಾಕ್ಟೀರಿಯಾದ ಅನಿಲವೇ ಕಾರಣವೇ?

ಮಾನ್ವಿಯ ತೊಗರಿ:

ಎಲ್ಲರಿಗೂ ನಮಸ್ಕಾರ. ರಾಯಚೂರಿನಲ್ಲಿ ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಮಾನ್ವಿ ಕಡೆ ಇರುವ ನಮ್ಮ ಎರೆ ಹೊಲದಲ್ಲಿ ತೊಗರಿ ಹೂವಿಗೆ ಬರುವ ಹೊತ್ತಿಗೆ ನೆಟೆ ರೋಗ ತಪ್ಪಿದ್ದಲ್ಲ. ಅಕ್ಕಪಕ್ಕದವೆಲ್ಲ ಒಣಗಿದರೂ ಹಸಿರಾಗಿಯೇ ನಿಂತಿದ್ದ ಗಿಡವೊಂದರ ಬೇರಿಗೆ ಅಂಟಿದ ಮಣ್ಣಿನಿಂದ ಒಂದು ಬ್ಯಾಕ್ಟೀರಿಯಾ ಬೇರ್ಪಡಿಸಿದ್ದೇನೆ. ಬ್ಯಾಕ್ಟೀರಿಯಾ ಬೆಳೆಸುವ ಕಿಂಗ್ಸ್ ಬಿ ಮಾಧ್ಯಮದಲ್ಲಿ ಹಳದಿ ಮಿಶ್ರಿತ ಹಸಿರು ಬಣ್ಣ ಬಿಡುತ್ತದೆ, ನೇರಳಾತೀತ ದೀಪದಡಿ ಹೊಳೆಯುತ್ತದೆ. ಸ್ಯೂಡೋಮೊನಾಸ್ ಇರಬೇಕು.

ನಡುವೆ ಗೋಡೆ ಇರುವ ಪೆಟ್ರಿ ತಟ್ಟೆಯ ಒಂದು ಬದಿಗೆ ನ್ಯೂಟ್ರಿಯೆಂಟ್ ಅಗಾರ್ ಹಾಕಿ ಇದನ್ನು ಬೆಳೆಸಿದೆ. ಇನ್ನೊಂದು ಬದಿಗೆ ಆಲೂಗಡ್ಡೆ ಅಗಾರ್ ಮೇಲೆ ನೆಟೆ ರೋಗ ತರುವ ಶಿಲೀಂಧ್ರ ಫ್ಯುಸೇರಿಯಂ ಉಡಮ್ ಇಟ್ಟು, ಗಾಳಿ ಆಡದಂತೆ ಪ್ಯಾರಾಫಿಲ್ಮ್ ಹಾಳೆ ಸುತ್ತಿದೆ. ಬ್ಯಾಕ್ಟೀರಿಯಾ ಇಲ್ಲದ ತಟ್ಟೆಯಲ್ಲಿ ಶಿಲೀಂಧ್ರ ತನ್ನ ಬದಿಯನ್ನೆಲ್ಲ ತುಂಬಿಕೊಂಡಿತು. ಇದರಲ್ಲಿ ಮಾತ್ರ ಇಟ್ಟ ತುಣುಕಿನ ಸುತ್ತ ಬಿಳಿ ಅಂಚು ಮೂಡಿ ಅಲ್ಲಿಗೇ ನಿಂತಿದೆ. ಮುಚ್ಚಳ ತೆಗೆದರೆ ಕೊಳೆತ ಎಲೆಕೋಸಿನ ವಾಸನೆ. ಬೇಗ ಆವಿಯಾಗುವ ಗಂಧಕದ ಸಂಯುಕ್ತ ಡೈಮೀಥೈಲ್ ಡೈಸಲ್ಫೈಡ್ ಇರಬಹುದು ಎಂದು ಮಾರ್ಗದರ್ಶಕರು ಹೇಳುತ್ತಾರೆ. ಅನಿಲ ವಿಶ್ಲೇಷಣೆಗೆ ಹೊರಗೆ ಕಳುಹಿಸಬೇಕು, ಖರ್ಚಿನ ಬಾಬತ್ತು. ಅದಕ್ಕೂ ಮೊದಲು ಇಲ್ಲಿಯೇ ಏನು ನೋಡಬಹುದು? ಇದನ್ನು ಹೊಲಕ್ಕೆ ಯಾವಾಗ ಹಾಕುವುದು ಎಂದು ಅಪ್ಪ ಈಗಲೇ ಕೇಳುತ್ತಿದ್ದಾರೆ.

ಬಳ್ಳಾರಿಯ ಹಳೆ ಲ್ಯಾಬಿನವನು:

ತಂಗಿ, ಮೊದಲು ಮುಚ್ಚಳ ತೆಗೆದು ಮೂಸುವುದನ್ನು ಬಿಡು. ಆ ಜಾತಿಯ ಹಲವು ತಳಿಗಳು ಹೈಡ್ರೋಜನ್ ಸಯನೈಡ್ ಎಂಬ ವಿಷಾನಿಲ ಬಿಡುತ್ತವೆ. ತಂಬಾಕಿನ ಕಪ್ಪು ಬೇರು ಕೊಳೆಯನ್ನು ತಡೆಯುವಲ್ಲಿ ಸಿಎಚ್‌ಎ0 ಎಂಬ ತಳಿಗೆ ಈ ಸಯನೈಡ್ ಬೆಂಬಲವಾಗಿದೆ ಎಂದು 1989ರಲ್ಲೇ ತೋರಿಸಿದ್ದಾರೆ. ಪಿಕ್ರಿಕ್ ಆಮ್ಲ ಮತ್ತು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿದ ಸೋಸುಕಾಗದದ ಪಟ್ಟಿಯನ್ನು ಮುಚ್ಚಳದ ಒಳಗೆ ಅಂಟಿಸು. ಹಳದಿ ಪಟ್ಟಿ ಕಂದು ಬಣ್ಣಕ್ಕೆ ತಿರುಗಿದರೆ ಸಯನೈಡ್ ಇದೆ. ಮಾಧ್ಯಮಕ್ಕೆ ಗ್ಲೈಸಿನ್ ಎಂಬ ಅಮೈನೊ ಆಮ್ಲ ಸೇರಿಸಿದರೆ ಬಣ್ಣ ಬೇಗ ತಿರುಗುತ್ತದೆ, ಏಕೆಂದರೆ ಸಯನೈಡ್ ತಯಾರಾಗುವುದೇ ಅದರಿಂದ. ಪಿಕ್ರಿಕ್ ಆಮ್ಲ ಒಣಗಿದರೆ ಸಿಡಿಯುವ ವಸ್ತು. ಶೀಶೆಯ ಬಿರಡೆಯ ಸುತ್ತ ಹರಳು ಕಂಡರೆ ಕೈ ಹಾಕದೆ ಹಿರಿಯರಿಗೆ ಹೇಳು.

ಮುಂದಿನದು ಅಮೋನಿಯಾ. ನ್ಯೂಟ್ರಿಯೆಂಟ್ ಅಗಾರ್ ಎಂದರೆ ಪೆಪ್ಟೋನ್, ಪೆಪ್ಟೋನ್ ಎಂದರೆ ಪ್ರೋಟೀನು. ಹೊಟ್ಟೆ ತುಂಬ ಪ್ರೋಟೀನು ತಿಂದ ಬ್ಯಾಕ್ಟೀರಿಯಾ ಅಮೋನಿಯಾ ಬಿಡುತ್ತದೆ, ಗಂಧಕದ ವಾಸನೆಯನ್ನೂ ಬಿಡುತ್ತದೆ; ಡೈಮೀಥೈಲ್ ಡೈಸಲ್ಫೈಡ್‌ನ ಮೂಲ ಪ್ರೋಟೀನಿನಲ್ಲಿರುವ ಗಂಧಕಯುಕ್ತ ಅಮೈನೊ ಆಮ್ಲ ಮೀಥಿಯೋನಿನ್. ಶಿಲೀಂಧ್ರದ ಬದಿಯ ಅಗಾರಿಗೆ ಆಮ್ಲ-ಕ್ಷಾರ ತೋರಿಸುವ ಬಣ್ಣ ಬ್ರೋಮೋಥೈಮಾಲ್ ಬ್ಲೂ ಸೇರಿಸಿ ಇಡು. ಅದು ನೀಲಿಗೆ ತಿರುಗಿದರೆ ಕ್ಷಾರ ಏರಿದೆ, ಶಿಲೀಂಧ್ರ ನಿಂತದ್ದು ಅದರಿಂದಲೇ ಇರಬಹುದು. ಪ್ರಬಂಧಗಳಲ್ಲಿ ಜನ ಈ ಸಾಮಾನ್ಯ ಪರೀಕ್ಷೆಯನ್ನು ದಾಟಿ ದೊಡ್ಡ ಯಂತ್ರದ ಕಡೆಗೆ ಓಡುವುದನ್ನು ನೋಡಿ ನನಗೆ ಸಾಕಾಗಿದೆ.

ಮೂರು ಭಾಗದ ತಟ್ಟೆ ಸಿಕ್ಕರೆ ಮೂರನೆಯದರಲ್ಲಿ ಸಕ್ರಿಯ ಇದ್ದಿಲು ಹಾಕು. ಗಂಧಕದ ಸಂಯುಕ್ತಗಳನ್ನು ಇದ್ದಿಲು ಹೀರಿಕೊಳ್ಳುತ್ತದೆ, ಅಮೋನಿಯಾ ಮತ್ತು ಸಯನೈಡ್ ಅನ್ನು ಅಷ್ಟಾಗಿ ಹಿಡಿಯುವುದಿಲ್ಲ. ಇದ್ದಿಲಿದ್ದಾಗ ಶಿಲೀಂಧ್ರ ಬೆಳೆದರೆ ನಿನ್ನ ಮಾರ್ಗದರ್ಶಕರ ಮಾತಿಗೆ ಬಲ ಬರುತ್ತದೆ. ಜೊತೆಗೆ ನಿರುಪದ್ರವಿ ಬ್ಯಾಕ್ಟೀರಿಯಾ ಒಂದನ್ನು ಹೋಲಿಕೆಗೆ ಇಡಲೇಬೇಕು. ಬಿಗಿಯಾಗಿ ಸುತ್ತಿದ ತಟ್ಟೆಯಲ್ಲಿ ಯಾವುದನ್ನು ಬೆಳೆಸಿದರೂ ಆಮ್ಲಜನಕ ಇಳಿದು ಇಂಗಾಲದ ಡೈಆಕ್ಸೈಡ್ ಏರುತ್ತದೆ.

ಕೊನೆಗೆ ನಿಂತ ತುಣುಕನ್ನು ಹೊಸ ಅಗಾರಿಗೆ ಎತ್ತಿ ಹಾಕು. ಮತ್ತೆ ಬೆಳೆದರೆ ಅದು ಸತ್ತಿರಲಿಲ್ಲ, ತಡೆದು ನಿಂತಿತ್ತು ಅಷ್ಟೇ. ಕೆನಡಾದ ಫರ್ನಾಂಡೋ ತಂಡ 2005ರಲ್ಲಿ ಕನೋಲಾ, ಸೋಯಾ ಬೆಳೆಗಳಿಂದ ಸ್ಯೂಡೋಮೊನಾಸ್‌ಗಳನ್ನು ತೆಗೆದು ಬೆಂಜೋಥಯಜೋಲ್, ನೊನಾನಲ್, ಡೈಮೀಥೈಲ್ ಟ್ರೈಸಲ್ಫೈಡ್ ಮುಂತಾದ ಆವಿಯಾಗುವ ಸಂಯುಕ್ತಗಳು ಸ್ಕ್ಲೆರೋಟಿನಿಯಾ ಎಂಬ ರೋಗಕಾರಕ ಶಿಲೀಂಧ್ರವನ್ನು ತಡೆಯುತ್ತವೆ ಎಂದು ತೋರಿಸಿತು. ಒಳ್ಳೆಯ ಕೆಲಸ, ಓದು. ಅದರಲ್ಲಿರುವ ಹೆಸರುಗಳೇ ನಿನ್ನ ತಟ್ಟೆಯಲ್ಲೂ ಇವೆ ಎಂದು ಮಾತ್ರ ಬರೆದುಬಿಡಬೇಡ.

ಕುಷ್ಟಗಿ ದಾಳಿಂಬೆ:

ಸರ್, ನಮ್ಮ ಕಡೆ ಅಂಗಡಿಯವನೊಬ್ಬ ಜೈವಿಕ ಔಷಧದ ಡಬ್ಬಿ ತೆರೆದು, ವಾಸನೆ ಜೋರಾಗಿದ್ದಷ್ಟು ಶಕ್ತಿ ಜಾಸ್ತಿ ಎಂದು ಮಾರುತ್ತಾನೆ. ದಾಳಿಂಬೆಯ ಸೊರಗು ರೋಗಕ್ಕೆ ಹಾಕಬಹುದೇ?

ಬಳ್ಳಾರಿಯ ಹಳೆ ಲ್ಯಾಬಿನವನು:

ಯಜಮಾನರೇ, ಡಬ್ಬಿ ಕೆಟ್ಟರೂ ವಾಸನೆ ಬರುತ್ತದೆ. ಒಂದು ಗ್ರಾಮಿಗೆ ಎಷ್ಟು ಜೀವಂತ ಕೋಶಗಳಿವೆ, ಅವಧಿ ಯಾವಾಗ ಮುಗಿಯುತ್ತದೆ ಎಂಬ ಎರಡನ್ನೂ ಚೀಟಿಯ ಮೇಲೆ ನೋಡಿ. ಸೊರಗಿ ನಿಂತ ಗಿಡದ ನಾಳದೊಳಗೆ ಶಿಲೀಂಧ್ರ ಸೇರಿಯಾಗಿರುತ್ತದೆ, ಹೊರಗೆ ಮಣ್ಣಿಗೆ ಸುರಿದದ್ದರಿಂದ ಆ ಗಿಡ ಏಳುವ ಭರವಸೆ ಇಟ್ಟುಕೊಳ್ಳಬೇಡಿ.

ತಂಗಿ, ನಿಮ್ಮ ತಂದೆಯವರಿಗೂ ಇದೇ ಉತ್ತರ. ಡೈಮೀಥೈಲ್ ಡೈಸಲ್ಫೈಡ್ ಅನ್ನು ಹೊರದೇಶಗಳಲ್ಲಿ ಮಣ್ಣಿಗೆ ಹಾಯಿಸುವ ಧೂಮಕವಾಗಿ ಬಳಸುವುದುಂಟು. ಮಣ್ಣಿನೊಳಗೆ ಚುಚ್ಚಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸುತ್ತಾರೆ. ಬೇರಿನ ಮೇಲಿನ ಬ್ಯಾಕ್ಟೀರಿಯಾ ಬಿಡುವ ಪ್ರಮಾಣ ಅದರ ಹತ್ತಿರಕ್ಕೂ ಬರುವುದಿಲ್ಲ, ಅಲ್ಲಿ ಪೆಪ್ಟೋನ್ ಬಡಿಸುವವರೂ ಇಲ್ಲ. ಮೇಲಾಗಿ ಅದು ಎರೆ ಮಣ್ಣು. ಮಳೆಗೆ ಉಬ್ಬಿ ರಂಧ್ರಗಳಲ್ಲಿ ನೀರು ನಿಂತರೆ ಅನಿಲ ಹರಡುವ ವೇಗ ಗಾಳಿಯಲ್ಲಿ ಇರುವುದರ ಸುಮಾರು 10,000ದ ಒಂದು ಭಾಗಕ್ಕೆ ಇಳಿಯುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟರೆ ಇದ್ದದ್ದೂ ಹೊರಗೆ ಹೋಗುತ್ತದೆ. ಏನಾದರೂ ಪರಿಣಾಮ ಇದ್ದರೆ ಬೇರಿನ ಚರ್ಮಕ್ಕೆ ತೀರಾ ಹತ್ತಿರದಲ್ಲಿ. ಅದಕ್ಕೇ ಬೀಜೋಪಚಾರ ಮಾಡಿ ಕುಂಡದಲ್ಲಿ ನೋಡು: ನಿಮ್ಮ ಹೊಲದ್ದೇ ಮಣ್ಣು, ನೆಟೆ ಹತ್ತಿದ ಗಿಡಗಳ ಪುಡಿ ಬೆರೆಸಿದ್ದು.

ಈ ಮುಂಗಾರಿಗೆ ಹೊಲದಲ್ಲಿ ಟಿಎಸ್-3ಆರ್ ತರಹದ ನೆಟೆ ತಾಳುವ ತಳಿ ಬಿತ್ತಲಿ, ಇಲ್ಲವೇ ಆ ಹೊಲಕ್ಕೆ ಜೋಳ ಹಾಕಿ ಸರದಿ ಬದಲಿಸಲಿ. ಬೆಳೆಯ ಕೂಳೆಯಲ್ಲಿ ಈ ಶಿಲೀಂಧ್ರ ವರ್ಷಗಟ್ಟಲೆ ಉಳಿಯುತ್ತದೆ, ಒಣಗಿದ ಗಿಡಗಳನ್ನು ಬೇರುಸಹಿತ ಕಿತ್ತು ಸುಡಲಿ.

ಮಾನ್ವಿಯ ತೊಗರಿ:

ಧನ್ಯವಾದಗಳು ಸರ್. ಜೋಳದ ಮಾತಿಗೆ ಅಪ್ಪ ಮುಖ ಗಂಟಿಕ್ಕಿದರು, ತೊಗರಿಯ ದರ ಕಣ್ಣಮುಂದೆ ಇದೆಯಲ್ಲ. ತಳಿ ಬದಲಿಸಲು ಒಪ್ಪಿದ್ದಾರೆ. ಬ್ರೋಮೋಥೈಮಾಲ್ ಬ್ಲೂ ವಿಭಾಗದಲ್ಲಿಯೇ ಇದೆ. ಸಕ್ರಿಯ ಇದ್ದಿಲು ಇಲ್ಲ, ಎಲ್ಲಿ ಸಿಗಬಹುದು?

ಬಳ್ಳಾರಿಯ ಹಳೆ ಲ್ಯಾಬಿನವನು:

ಮೀನಿನ ತೊಟ್ಟಿ ಮಾರುವ ಅಂಗಡಿಯಲ್ಲಿ ಕೇಳು. ಪುಡಿ ಹೋಗುವಂತೆ ತೊಳೆದು, ಬಿಸಿಗಾಳಿಯ ಓವನ್‌ನಲ್ಲಿ ಪೂರ್ತಿ ಒಣಗಿಸಿ ಬಳಸು.