ಅಪ್‌ಡೇಟ್: ಎಂಟನೇ ರಿಕ್ವೆಸ್ಟ್‌ಗೆ ನಿಲ್ಲುತ್ತಿದ್ದ ಡಿಸ್ಕ್ ಡ್ರೈವರ್ ಈಗ ಓಡುತ್ತಿದೆ

ಹೊಸದಾಗಿ ಓದುವವರಿಗೆ: ರಿಸ್ಕ್-ಫೈವ್ ಪ್ರೊಸೆಸರ್‌ಗಾಗಿ ಬರೆಯುತ್ತಿರುವ ನನ್ನ ಪುಟ್ಟ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು), ಕ್ಯೂಎಮು ಎಂಬ ನಕಲಿ ಕಂಪ್ಯೂಟರ್ ಸಾಫ್ಟ್‌ವೇರ್‌ನಲ್ಲಿ ವರ್ಟ್‌ಐಒ ಎಂಬ ಬಗೆಯ ವರ್ಚುವಲ್ ಡಿಸ್ಕಿನಿಂದ ಏಳು ಬ್ಲಾಕ್ ಸರಿಯಾಗಿ ಓದಿ, ಎಂಟನೆಯದಕ್ಕೆ ಕಲ್ಲಿನಂತೆ ನಿಂತುಬಿಡುತ್ತಿತ್ತು. ಯಾಕೆ ಅಂತ ಕೇಳಿದ್ದೆ.

"ಕ್ಯೂ ಗಾತ್ರ ಎಷ್ಟು?" ಅಂತ ಒಬ್ಬರು ಕೇಳಿದ್ದರಲ್ಲ, ಗುಟ್ಟು ಅಲ್ಲೇ ಇತ್ತು. ಕ್ಯೂ ಅಂದರೆ ಡ್ರೈವರ್ ಮತ್ತು ಡಿಸ್ಕ್ ನಡುವೆ ರಿಕ್ವೆಸ್ಟ್‌ಗಳು ಓಡಾಡುವ ಸಾಲು. ಅದರ ಗಾತ್ರ 8. ಮುಗಿದ ಕೆಲಸಗಳನ್ನು ಡಿವೈಸ್ (ಅಂದರೆ ಡಿಸ್ಕ್) ಯೂಸ್ಡ್ ರಿಂಗ್ ಎಂಬ, ತುದಿ ತಲುಪಿದರೆ ಮತ್ತೆ ಮೊದಲಿಗೆ ಮರಳುವ ಪಟ್ಟಿಯಲ್ಲಿ ಬರೆದು, ಅದರ ಇಂಡೆಕ್ಸನ್ನು ಒಂದೊಂದೇ ಏರಿಸುತ್ತದೆ. ಆ ಇಂಡೆಕ್ಸ್ 16 ಬಿಟ್‌ನದು. 65535 ದಾಟಿದ ಮೇಲಷ್ಟೇ ಸೊನ್ನೆಗೆ ಬರುತ್ತದೆ. ಡ್ರೈವರ್ ಮಾತ್ರ ತನ್ನ ಲೆಕ್ಕವನ್ನು 8ರಿಂದ ಭಾಗಿಸಿ ಶೇಷವನ್ನು ಇಟ್ಟುಕೊಳ್ಳುತ್ತಿತ್ತು. ಎಂಟನೇ ಕೆಲಸ ಮುಗಿದಾಗ ಡಿವೈಸ್ ಕಡೆ 8, ನಮ್ಮ ಕಡೆ 0. "ಎರಡೂ ಸಮ ಆಗುವವರೆಗೆ ಸುತ್ತು" ಎಂಬ ಲೂಪ್ ಇಂಟರಪ್ಟ್ ಹ್ಯಾಂಡ್ಲರ್ (ಡಿಸ್ಕಿನಿಂದ ಸೂಚನೆ ಬಂದಾಗ ಓಡುವ ಕೋಡ್) ಒಳಗೇ ಕೊನೆಯಿಲ್ಲದೆ ಸುತ್ತುತ್ತಿತ್ತು. ಆ ಸೂಚನೆಗಳನ್ನು ತಲುಪಿಸುವ ಇಂಟರಪ್ಟ್ ಕಂಟ್ರೋಲರ್ ಮೇಲೆ ಅನುಮಾನ ಇದ್ದರೆ ಹಾಗಾಗಿ ಬಿಟ್ಟುಬಿಡಿ, ಅದರದ್ದೇನೂ ತಪ್ಪಿಲ್ಲ.

ಪರಿಹಾರ ಇಷ್ಟೇ: ಲೆಕ್ಕವನ್ನು 16 ಬಿಟ್‌ನಲ್ಲಿ ಹಾಗೇ ಓಡಲು ಬಿಟ್ಟು, ರಿಂಗ್‌ನ ಜಾಗ ಹುಡುಕುವಾಗ ಮಾತ್ರ ಶೇಷ ತೆಗೆಯುವುದು. ಹೊಸ ರಿಕ್ವೆಸ್ಟ್‌ಗಳನ್ನು ಡ್ರೈವರ್ ಹಾಕುವ ಅವೈಲಬಲ್ ರಿಂಗ್‌ಗೂ ಇದೇ ನಿಯಮ.

ಇನ್ನೊಂದು ಸಲಹೆಯನ್ನೂ ಪಾಲಿಸಿದೆ, ಅದು ತುಂಬಾ ಒಳ್ಳೆಯ ಸಲಹೆ. ಪ್ರತಿ ರಿಕ್ವೆಸ್ಟ್‌ನ ಸ್ಟೇಟಸ್ ಬೈಟ್‌ಗೆ (ಡಿವೈಸ್ ಫಲಿತಾಂಶ ಬರೆಯುವ ಜಾಗ) ಮೊದಲೇ 0ಎಕ್ಸ್‌ಎಫ್‌ಎಫ್ (ಅಂದರೆ 255) ತುಂಬಿಡುತ್ತೇನೆ. ಯಶಸ್ಸಿಗೆ ಡಿವೈಸ್ ಬರೆಯುವುದು 0, ಹಾಗಾಗಿ ಅದು ಮುಟ್ಟೇ ಇಲ್ಲದ ರಿಕ್ವೆಸ್ಟ್ ತಕ್ಷಣ ಸಿಕ್ಕಿಬೀಳುತ್ತದೆ.

ಈಗ ಇಡೀ ಡಿಸ್ಕ್ ಇಮೇಜ್ ಓದಿ, ಬರೆದು, ಹೋಲಿಸಿ ನೋಡಿದೆ, ಎಲ್ಲಾ ತಾಳೆಯಾಗುತ್ತಿದೆ. ಮುಂದಿನ ಕೆಲಸ ಫ್ಲಶ್ ಕಮ್ಯಾಂಡ್, ಅಂದರೆ ಬರೆದದ್ದನ್ನು ಡಿಸ್ಕಿನಲ್ಲಿ ಖಾಯಂ ಉಳಿಸು ಎಂಬ ಆದೇಶ. ಸಮಯ ಕೊಟ್ಟು ಕೋಡ್ ಓದಿದ ಎಲ್ಲರಿಗೂ ಮನಸಾರೆ ಧನ್ಯವಾದ.