ಎಲ್ಕ್ ಬೇಟೆಗೆ ಟ್ರಕ್ ಕ್ಯಾಂಪರ್ ಸರಿಯೋ, ಟ್ರೇಲರ್ ಸರಿಯೋ?

ಡೆನ್ವರ್_ಕನ್ನಡಿಗ:
ಎಲ್ಲರಿಗೂ ನಮಸ್ಕಾರ. ನಾನು ಮತ್ತು ಇಬ್ಬರು ಗೆಳೆಯರು ನಾಲ್ಕು ವರ್ಷದಿಂದ ಕೊಲೊರಾಡೊದ ಫ್ಲ್ಯಾಟ್ ಟಾಪ್ಸ್ ಬೆಟ್ಟಗಳ ಕಡೆ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಗೆ ಹೋಗುತ್ತಿದ್ದೇವೆ. ಎರಡನೇ ಇಲ್ಲವೇ ಮೂರನೇ ರೈಫಲ್ ಸೀಸನ್ (ರೈಫಲ್ ಬೇಟೆಗೆ ಬಿಟ್ಟ ದಿನಗಳು). ಅಂದರೆ ಅಕ್ಟೋಬರ್ ಕೊನೆ, ನವೆಂಬರ್. ಇಲ್ಲಿಯವರೆಗೆ ಟೆಂಟ್‌ನಲ್ಲೇ ಕಳೆದೆವು. ಕಳೆದ ವರ್ಷ ರಾತ್ರೋರಾತ್ರಿ ಹಿಮ ಬಿದ್ದು ಟೆಂಟ್ ಕುಸಿಯಿತು. ಬೂಟು ಒದ್ದೆ, ಸ್ಲೀಪಿಂಗ್ ಬ್ಯಾಗ್ ಒದ್ದೆ. ಮೂರನೇ ದಿನಕ್ಕೇ ವಾಪಸ್ ಬಂದೆವು, ಟ್ಯಾಗ್ (ಬೇಟೆಯ ಪರವಾನಗಿ) ಹಾಗೇ ಉಳಿಯಿತು. ನನ್ನದು ಫೋರ್ಡ್ ಎಫ್-150 ಪಿಕಪ್ ಟ್ರಕ್, ಬೆಡ್ (ಹಿಂದೆ ಸಾಮಾನು ಹಾಕುವ ತೊಟ್ಟಿ) ಐದೂವರೆ ಅಡಿ. ಅದರ ಮೇಲೆ ಕೂರುವ ಪಾಪ್-ಅಪ್ ಕ್ಯಾಂಪರ್ (ಛಾವಣಿ ಎತ್ತಿ ಒಳಗೆ ಮಲಗುವ ಪುಟ್ಟ ಮನೆ) ತಗೊಳ್ಳಲೋ, ಮಲಗಲು ಜಾಗವಿರುವ ಚಿಕ್ಕ ಟ್ರೇಲರ್ ಎಳೆದುಕೊಂಡು ಹೋಗಲೋ?

ಬೋಯ್ಸಿಯ_ಗೌಡ:
ಕ್ಯಾಂಪರ್ ತಗೊಳ್ಳಿ, ಎರಡು ಮಾತಿಲ್ಲ. ನಾನು ಆರು ವರ್ಷ ಟ್ರೇಲರ್ ಎಳೆದವನು. ಒಂದು ಅಕ್ಟೋಬರ್‌ನಲ್ಲಿ ಐಡಾಹೊದ ಒಂದು ಕಾಡುರಸ್ತೆಗೆ ಒಣ ನೆಲದಲ್ಲಿ ಇಳಿದೆ. ರಾತ್ರಿ ಒಂದಡಿ ಹಿಮ ಬಿತ್ತು. ಬೆಳಗ್ಗೆ ನಾಲ್ಕೂ ಚಕ್ರಕ್ಕೆ ಹಿಮದ ಚೈನ್ ಹಾಕಿದರೂ ಟ್ರೇಲರ್ ಏರು ಹತ್ತಲಿಲ್ಲ. ಅದನ್ನು ಅಲ್ಲೇ ಬಿಟ್ಟು ಬಂದೆ. ಹಿಮ ಕರಗಿದ ಮೇಲೆ ಹೋಗಿ ತಂದೆ. ಕ್ಯಾಂಪರ್ ಇದ್ದರೆ ಅದರ ತೂಕ ಹೆಚ್ಚಾಗಿ ಹಿಂದಿನ ಚಕ್ರದ ಮೇಲೆ ಇರುತ್ತದೆ, ಹಿಡಿತ ಜಾಸ್ತಿ. ಕಿರಿದಾದ ರಸ್ತೆಯಲ್ಲಿ ತಿರುಗಿಸುವುದೂ ಸುಲಭ. ಇನ್ನೊಂದು ವಿಷಯ. ಹಿಮ ಬಿದ್ದರೆ ಎಲ್ಕ್ ಎತ್ತರದಿಂದ ಕೆಳಗಿಳಿಯುತ್ತವೆ. ನಿಮ್ಮ ಮನೆಯೂ ಅವುಗಳ ಹಿಂದೆ ಇಳಿಯಬೇಕು.

ಮಲೆನಾಡಿನವಳು:
ಗೌಡರೇ, ನಿಮ್ಮ ಟ್ರಕ್ ಯಾವುದು ಅಂತ ಮೊದಲು ಹೇಳಿ.

ಬೋಯ್ಸಿಯ_ಗೌಡ:
ಎಫ್-350, ಎಂಟಡಿ ಬೆಡ್. ಪೇಲೋಡ್ (ಹೊರಬಹುದಾದ ಭಾರ) ಹತ್ತಿರ ಹತ್ತಿರ 4,000 ಪೌಂಡ್.

ಮಲೆನಾಡಿನವಳು:
ಅಲ್ಲೇ ಇರುವುದು ವ್ಯತ್ಯಾಸ. ಡೆನ್ವರ್ ಅಣ್ಣ, ಡ್ರೈವರ್ ಬಾಗಿಲು ತೆಗೆದು ಪಕ್ಕದ ಸ್ಟಿಕ್ಕರ್ ನೋಡಿ. ಜನ ಮತ್ತು ಸಾಮಾನು ಸೇರಿ ಎಷ್ಟು ತೂಕ ಮೀರಬಾರದು ಅಂತ ಬರೆದಿರುತ್ತದೆ. ಅದು ನಿಮ್ಮ ಗಾಡಿಯದೇ ಲೆಕ್ಕ. ಜಾಹೀರಾತಿನಲ್ಲಿ ಬರೆದದ್ದನ್ನು ನಂಬಬೇಡಿ.

ಡೆನ್ವರ್_ಕನ್ನಡಿಗ:
ಈಗಷ್ಟೇ ನೋಡಿಬಂದೆ. 1,560 ಪೌಂಡ್.

ಮಲೆನಾಡಿನವಳು:
ಸರಿ, ಲೆಕ್ಕ ಹಾಕೋಣ. ಮೂವರು ಅಂದರೆ ಸುಮಾರು 540 ಪೌಂಡ್. ಉಳಿದದ್ದು 1,020. ಪಾಪ್-ಅಪ್ ಕ್ಯಾಂಪರ್ ಖಾಲಿ ಇದ್ದಾಗಲೇ 1,100ರ ಆಸುಪಾಸು, ಕೆಲವು ಇನ್ನೂ ಜಾಸ್ತಿ. ಬಾಗಿಲು ತೆಗೆದು ಒಳಗೆ ಕಾಲಿಡುವ ಮೊದಲೇ ಮಿತಿ ದಾಟಿತು. ಇದರ ಮೇಲೆ ನೀರು, ಗ್ಯಾಲನ್‌ಗೆ ಎಂಟು ಪೌಂಡ್‌ಗಿಂತ ಜಾಸ್ತಿ. ಇಪ್ಪತ್ತು ಗ್ಯಾಲನ್ ತುಂಬಿಸಿದರೆ 167 ಪೌಂಡ್. ಪ್ರೊಪೇನ್, ಬ್ಯಾಟರಿ, ಕೂಲರ್, ರೈಫಲ್, ಚೈನ್ ಎಲ್ಲ ಇನ್ನೂ ಬಾಕಿ. ಬರುವಾಗ ಮಾಂಸವೂ ಬರಬೇಕು ತಾನೇ? ದೊಡ್ಡ ಬುಲ್ (ಗಂಡು ಎಲ್ಕ್) ಆದರೆ ಮೂಳೆ ಬಿಡಿಸಿದ ಮೇಲೂ ಇನ್ನೂರು ಪೌಂಡ್ ಹತ್ತಿರ.

ಟ್ರೇಲರ್ ತುಂಬಿದಾಗ 4,000 ಪೌಂಡ್ ಅಂದುಕೊಳ್ಳಿ. ಹಿಚ್ (ಟ್ರೇಲರ್ ಸಿಕ್ಕಿಸುವ ಕೊಂಡಿ) ಮೇಲೆ ಬೀಳುವ ಭಾರ ಅದರ ನೂರಕ್ಕೆ 10ರಿಂದ 15. ಅಂದರೆ 400ರಿಂದ 600. ಮೂವರು ಕೂತ ಮೇಲೂ ನಾನೂರು ಪೌಂಡ್ ಮಿಗುತ್ತದೆ. ಮಾಂಸವನ್ನು ಟ್ರೇಲರ್‌ನಲ್ಲೇ ಆಕ್ಸಲ್ ಮೇಲೆ ಇಟ್ಟುಕೊಳ್ಳಬಹುದು. ಇದರಲ್ಲಿ ಅಭಿಪ್ರಾಯದ ಮಾತೇ ಇಲ್ಲ, ಬರೀ ಕೂಡಿಸಿ ಕಳೆಯುವ ಲೆಕ್ಕ.

ಬೋಯ್ಸಿಯ_ಗೌಡ:
ಲೆಕ್ಕ ಒಪ್ಪಿದೆ. ಆ ಟ್ರಕ್ಕಿಗೆ ಕ್ಯಾಂಪರ್ ಕೂರಿಸಿ ಅಂತ ಇನ್ನು ಹೇಳುವುದಿಲ್ಲ. ಸ್ಪ್ರಿಂಗ್‌ಗೆ ಏರ್‌ಬ್ಯಾಗ್ (ಭಾರಕ್ಕೆ ಆಸರೆ ಕೊಡುವ ಗಾಳಿಚೀಲ) ಹಾಕಿದರೆ ಸಾಕು ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಅದನ್ನು ಕೇಳಬೇಡಿ. ಗಾಡಿ ಮಟ್ಟವಾಗಿ ನಿಲ್ಲುತ್ತದೆ ಅಷ್ಟೇ. ಬ್ರೇಕು, ಆಕ್ಸಲ್, ಟೈರು ಅದೇ ಹಳೆಯದು. ಆದರೆ ಟ್ರಕ್ ಬದಲಾಯಿಸುವ ಯೋಚನೆ ಇದ್ದರೆ ಕ್ಯಾಂಪರ್‌ನ ಸುಖವೇ ಬೇರೆ. ರಾತ್ರಿ ಟ್ರೇಲ್‌ಹೆಡ್‌ನಲ್ಲೇ (ಕಾಲುದಾರಿ ಶುರುವಾಗುವ ಜಾಗ) ಮಲಗಿ, ನಾಲ್ಕು ಗಂಟೆಗೆ ಎದ್ದು, ಕಾಫಿ ಕುಡಿದು ನಡೆಯಲು ಶುರು. ಕಾಡಿನಲ್ಲಿ ಆ ಒಂದು ಗಂಟೆ ತುಂಬಾ ಬೆಲೆಯದು.

ಜಂಕ್ಷನ್_ಶಿಕಾರಿ:
ನಾನು ಗ್ರ್ಯಾಂಡ್ ಜಂಕ್ಷನ್‌ನವನು. ಫ್ಲ್ಯಾಟ್ ಟಾಪ್ಸ್ ರಸ್ತೆಗಳನ್ನು ಓಡಿಸಿ ಗೊತ್ತು. ಗೌಡರ ಮಾತಿನಲ್ಲಿ ಒಂದು ಬಿಟ್ಟುಹೋಗಿದೆ. ನಾಲ್ಕು ಗಂಟೆಗೆ ಬೇರೆ ಕಣಿವೆಗೆ ಹೋಗಬೇಕಾದರೆ ಕ್ಯಾಂಪರ್‌ನಲ್ಲಿ ಇರುವವನು ಹಾಸಿಗೆ ಮಡಚಬೇಕು, ಒಲೆ ಕಟ್ಟಬೇಕು, ಹಿಮ ಕೂತ ಛಾವಣಿ ಇಳಿಸಬೇಕು. ಪಾಪ್-ಅಪ್‌ನ ಬಟ್ಟೆಗೋಡೆ ಒದ್ದೆ ಇದ್ದಾಗಲೇ ಮಡಚಿದರೆ ಸಂಜೆ ಒಳಗೆಲ್ಲ ತೇವ. ಟ್ರೇಲರ್ ಇದ್ದವನು ಬಾಗಿಲು ಹಾಕಿ ಟ್ರಕ್ ಹತ್ತುತ್ತಾನೆ. ಮೂವರಿದ್ದಾಗ ಇದು ಚಿಕ್ಕ ವಿಷಯ ಅಲ್ಲ. ಒಬ್ಬ ಪಶ್ಚಿಮಕ್ಕೆ, ಇಬ್ಬರು ಉತ್ತರಕ್ಕೆ ಹೋದರೂ ಸಂಜೆ ಬೆಚ್ಚಗಿನ ಒಂದೇ ಜಾಗಕ್ಕೆ ಬರುತ್ತಾರೆ.

ಅಲ್ಲದೆ ಫ್ಲ್ಯಾಟ್ ಟಾಪ್ಸ್‌ನ ಒಳಭಾಗ ವಿಲ್ಡರ್‌ನೆಸ್, ಅಂದರೆ ಕಾನೂನಿನಿಂದ ಕಾಪಾಡಿದ ಕಾಡು. 1964ರ ಕಾಯ್ದೆಯ ಪ್ರಕಾರ ಅಲ್ಲಿ ಯಾವ ಮೋಟಾರು ಗಾಡಿಯೂ ಹೋಗುವಂತಿಲ್ಲ. ಅಂಚಿನವರೆಗೆ ಕ್ಯಾಂಪರ್ ಹೋದರೂ ಟ್ರೇಲರ್ ಹೋದರೂ, ಅಲ್ಲಿಂದಾಚೆ ಕಾಲೇ ಗತಿ.

ಬೋಯ್ಸಿಯ_ಗೌಡ:
ಹಿಮ ಬಿದ್ದಾಗ ಆ ಟ್ರೇಲರ್ ಹೊರಗೆ ಬರುತ್ತದಾ? ನನ್ನ ಪ್ರಶ್ನೆಗೆ ಉತ್ತರ ಸಿಗಲಿಲ್ಲ.

ಜಂಕ್ಷನ್_ಶಿಕಾರಿ:
ನ್ಯಾಯವಾದ ಪ್ರಶ್ನೆ. ನೀವು ಇಟ್ಟ ಜಾಗ ತಪ್ಪಾಗಿತ್ತು, ಟ್ರೇಲರ್ ಅಲ್ಲ. ಮುಖ್ಯ ಜಲ್ಲಿ ರಸ್ತೆಯಿಂದ ಜಾಸ್ತಿ ಒಳಗೆ ಹೋಗಬಾರದು. ಹೊರಗೆ ಬರುವ ದಾರಿ ಏರು ಇರುವ ಕಡೆ ಟ್ರೇಲರ್ ಇಳಿಸಲೇಬಾರದು. ಮೂತಿ ರಸ್ತೆ ಕಡೆಗೆ ಇರಲಿ. ಟ್ರೇಲರ್ ಚಕ್ರಕ್ಕೂ ಒಂದು ಜೊತೆ ಚೈನ್ ಇಟ್ಟುಕೊಳ್ಳಿ. ಇಳಿಜಾರಿನಲ್ಲಿ ಬ್ರೇಕ್ ಹಾಕಿದಾಗ ಟ್ರೇಲರ್ ಪಕ್ಕಕ್ಕೆ ಜಾರಿ ಟ್ರಕ್ಕನ್ನು ತಳ್ಳುತ್ತದೆ. ನಾನು ಹೆದರುವುದು ಏರಿಗಿಂತ ಅದಕ್ಕೆ. ಡೆನ್ವರ್‌ನಿಂದ ಬರುವವರಿಗೆ ಐಸೆನ್‌ಹೋವರ್ ಸುರಂಗದ ಆಚೆ ಈಚೆ ಅಂಥ ಇಳಿಜಾರು ಸಾಲುಸಾಲು. ಆ ಸುರಂಗವೇ 11,000 ಅಡಿಗಿಂತ ಮೇಲಿದೆ. ಐ-70 ಹೆದ್ದಾರಿಯಲ್ಲಿ ಮಾರಿಸನ್‌ನಿಂದ ಡಾಟ್ಸೆರೊವರೆಗೆ ಸೆಪ್ಟೆಂಬರ್ 1ರಿಂದ ಮೇ 31ರವರೆಗೆ ಟೈರಿನ ನಿಯಮ ಇದೆ, ಅದನ್ನೂ ನೋಡಿಕೊಳ್ಳಿ.

ರಾಷ್ಟ್ರೀಯ ಅರಣ್ಯದಲ್ಲಿ ಸಾಮಾನ್ಯವಾಗಿ ಒಂದೇ ಜಾಗದಲ್ಲಿ 14 ದಿನ ಇರಬಹುದು. ರಸ್ತೆಯಿಂದ ಎಷ್ಟು ದೂರ ಗಾಡಿ ಇಳಿಸಬಹುದು ಅನ್ನುವುದು ಮೋಟಾರು ವಾಹನ ನಕ್ಷೆಯಲ್ಲಿದೆ. ಸೀಸನ್‌ಗೆ ಮೊದಲೇ ಖಾಲಿ ಟ್ರೇಲರ್ ನಿಲ್ಲಿಸಿ ಜಾಗ ಹಿಡಿಯುವವರಿದ್ದಾರೆ. ದಯವಿಟ್ಟು ಅದನ್ನು ಮಾಡಬೇಡಿ. ರೇಂಜರ್ ಕಚೇರಿಗೆ ಒಂದು ಫೋನ್ ಮಾಡಿದರೆ ಎಲ್ಲ ಹೇಳುತ್ತಾರೆ.

ಮಲೆನಾಡಿನವಳು:
ಚಳಿಯ ಬಗ್ಗೆಯೂ ಒಂದು ಮಾತು. ಯಾವುದೇ ತಗೊಂಡರೂ ಫರ್ನೇಸ್‌ನ (ಒಳಗೆ ಬೆಚ್ಚಗಿಡುವ ಹೀಟರ್) ಫ್ಯಾನ್ ರಾತ್ರಿಯಿಡೀ ಬ್ಯಾಟರಿ ತಿನ್ನುತ್ತದೆ. ಚಳಿಗೆ ಹಳೆಯ ಲೆಡ್ ಬ್ಯಾಟರಿ ಮೊದಲೇ ಸೊರಗಿರುತ್ತದೆ. ಲಿಥಿಯಂ ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು, ಅದನ್ನು ಒಳಗೇ ಇಡಬೇಕು. ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೆಲಸ ಮಾಡುತ್ತದಾ ಅಂತ ಹೊರಡುವ ಮೊದಲು ಒತ್ತಿ ನೋಡಿ. ಒದ್ದೆ ಬಟ್ಟೆ ಒಣಗಿಸಲು ಒಳಗೆ ಗ್ಯಾಸ್ ಒಲೆ ಹಚ್ಚಿಡಬೇಡಿ, ಕಿಟಕಿ ಸ್ವಲ್ಪ ತೆರೆದಿರಲಿ.

ನನ್ನ ತವರು ಕೊಡಗಿನ ಗಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅಲ್ಲಿ ಶಿಕಾರಿ ನಿಂತಿತು, ನಿಲ್ಲಬೇಕಾಗಿದ್ದೂ ಹೌದು. ನಮ್ಮಜ್ಜ ಅದಕ್ಕೂ ಹಿಂದಿನ ಕಾಲದವರು. ಕಾಡಿಗೆ ಹೋದವನು ಮೊದಲು ಮಲಗುವ ಜಾಗ ನೋಡಬೇಕು, ಆಮೇಲೆ ಪ್ರಾಣಿ ಅನ್ನುತ್ತಿದ್ದರು. ಇಲ್ಲಿ ಟ್ಯಾಗ್ ತಗೊಂಡು ಹೋಗುವಾಗಲೂ ನನಗೆ ಅದೇ ನೆನಪಾಗುತ್ತದೆ.

ಡೆನ್ವರ್_ಕನ್ನಡಿಗ:
ತುಂಬಾ ಥ್ಯಾಂಕ್ಸ್. ಗೆಳೆಯರಿಗೂ ಈ ಲೆಕ್ಕ ತೋರಿಸಿದೆ. ಕ್ಯಾಂಪರ್ ಕೈಬಿಟ್ಟೆವು. ಈ ಸೀಸನ್‌ಗೆ ಒಂದು ಚಿಕ್ಕ ಟ್ರೇಲರ್ ಬಾಡಿಗೆಗೆ ತಗೊಂಡು ನೋಡುತ್ತೇವೆ. ಎಲ್ಲ ತುಂಬಿಸಿ, ಮೂವರೂ ಕೂತು, ಹೆದ್ದಾರಿಯ ತೂಕದ ಕಟ್ಟೆಗೆ ಹೋಗುತ್ತೇವೆ. ಬಂದ ಅಂಕಿ ಇಲ್ಲೇ ಹಾಕುತ್ತೇನೆ.

ಬೋಯ್ಸಿಯ_ಗೌಡ:
ನೀರಿನ ಟ್ಯಾಂಕ್ ತುಂಬಿಸಿಕೊಂಡೇ ತೂಗಿ. ಟ್ರೇಲರ್‌ಗೆ ಚೈನ್ ಬೇಕಾದರೆ ಟೈರಿನ ಅಳತೆ ಕಳಿಸಿ, ನನ್ನ ಹಳೆಯದು ಶೆಡ್‌ನಲ್ಲಿ ಇನ್ನೂ ಇದೆ.