ಬಿದ್ದವರನ್ನು ಮುಟ್ಟಬಾರದೆಂಬ ಸಂದೇಶವೂ ನಮ್ಮ ಮನೆಯ ಗುಂಪೂ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ದೊಡ್ಡಪ್ಪನವರು ವಿಧಿಸಿರುವ ಕಟ್ಟಳೆ ಒಂದೇ: ಬರೆಯುವುದಾದರೆ ಪೂರ್ಣ ವಾಕ್ಯಗಳಲ್ಲಿ, ತಪ್ಪಿಲ್ಲದ ಕನ್ನಡದಲ್ಲಿ ಬರೆಯಬೇಕು. ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಅವರಿಗೆ ಈಗ ಉಳಿದಿರುವ ತರಗತಿ ನಾವೇ ಆಗಿರುವುದರಿಂದ, ಜಗಳವಾಡುವವರೂ ಆ ಕಟ್ಟಳೆಗೆ ಬದ್ಧರಾಗಿಯೇ ಜಗಳವಾಡುತ್ತಾರೆ. ಕಳೆದ ಭಾನುವಾರ ಬೆಳಿಗ್ಗೆ ಅವರೇ ಹಂಚಿಕೊಂಡ ಒಂದು ಸಂದೇಶದ ಮೇಲೆ ನಡೆದ ಚರ್ಚೆಯ ಮುಖ್ಯ ಭಾಗವನ್ನು, ಎಲ್ಲರ ಒಪ್ಪಿಗೆ ಪಡೆದು, ಹೆಸರುಗಳನ್ನು ಬಿಟ್ಟು ಇಲ್ಲಿ ಕೊಡುತ್ತಿದ್ದೇನೆ. ನಡುನಡುವೆ ಬಂದ ಮದುವೆಯ ಕರೆಯೋಲೆಯನ್ನೂ ತಿಪಟೂರಿನ ಕೊಬ್ಬರಿ ದರದ ವಿಚಾರವನ್ನೂ ಕೈಬಿಟ್ಟಿದ್ದೇನೆ.

ದೊಡ್ಡಪ್ಪ (ಬಂದದ್ದನ್ನು ಹಾಗೆಯೇ ಕಳುಹಿಸಿದ್ದು): ರಸ್ತೆ ಅಪಘಾತದಲ್ಲಿ ಬಿದ್ದವರನ್ನು ಯಾವ ಕಾರಣಕ್ಕೂ ಮುಟ್ಟಬೇಡಿ. ಆಸ್ಪತ್ರೆಗೆ ಸೇರಿಸಿದವರ ಮೇಲೆಯೇ ಪ್ರಕರಣ ದಾಖಲಾಗುತ್ತದೆ, ಚಿಕಿತ್ಸೆಯ ಹಣವನ್ನು ನೀವೇ ಕಟ್ಟಬೇಕಾಗುತ್ತದೆ, ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆಯಬೇಕಾಗುತ್ತದೆ. ನಿಮ್ಮ ಕುಟುಂಬದ ಹಿತಕ್ಕಾಗಿ ಇದನ್ನು ಹತ್ತು ಜನರಿಗೆ ತಲುಪಿಸಿ.

ದೊಡ್ಡಪ್ಪ: ಮನೆಯ ಹುಡುಗರೆಲ್ಲ ದ್ವಿಚಕ್ರ ವಾಹನಗಳಲ್ಲಿ ಓಡಾಡುವವರು. ಎಚ್ಚರಿಕೆಯಿಂದ ಇರಲಿ ಎಂಬ ಒಂದೇ ಉದ್ದೇಶದಿಂದ ಹಾಕಿದ್ದೇನೆ.

ಅತ್ತೆ: ಅಣ್ಣ, ತಾಲ್ಲೂಕು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಶುಶ್ರೂಷಕಿಯಾಗಿ ಕೆಲಸ ಮಾಡಿದವಳಾಗಿ ಹೇಳುತ್ತೇನೆ: ಈ ಸಂದೇಶದಲ್ಲಿ ಕಾಲು ಭಾಗ ನಿಜ, ಆ ಕಾಲು ಭಾಗದ ನಿಜವೇ ಉಳಿದ ಸುಳ್ಳಿಗೆ ಆಸರೆಯಾಗಿದೆ. ಕುತ್ತಿಗೆಗೋ ಬೆನ್ನುಹುರಿಗೋ ಪೆಟ್ಟಾಗಿರಬಹುದಾದವರನ್ನು ಕೈಕಾಲು ಹಿಡಿದು ಎಳೆಯಬಾರದು, ಹೆಲ್ಮೆಟ್ಟನ್ನು ಜಗ್ಗಿ ತೆಗೆಯಬಾರದು, ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಲೇಬಾರದು. ನಮ್ಮ ಜನ ಮೊದಲು ಮಾಡುವುದು ನೀರು ಹಾಕುವುದನ್ನೇ. ಆದರೆ ತೊಡೆಯಿಂದ ರಕ್ತ ಹರಿಯುತ್ತಿರುವಾಗ ಶುದ್ಧವಾದ ಬಟ್ಟೆಯನ್ನು ಮಡಚಿ ಗಟ್ಟಿಯಾಗಿ ಒತ್ತಿ ಹಿಡಿದುಕೊಳ್ಳುವುದಕ್ಕೆ ಯಾವ ವೈದ್ಯಕೀಯ ಪದವಿಯೂ ಬೇಕಾಗಿಲ್ಲ, ಮತ್ತು ಆ ಐದು ಹತ್ತು ನಿಮಿಷಗಳಲ್ಲಿ ಅದನ್ನು ಮಾಡುವವರು ಯಾರೂ ಇಲ್ಲದ ಕಾರಣಕ್ಕೆ, ಬದುಕಬಹುದಾಗಿದ್ದವರು ನಮ್ಮ ಬಾಗಿಲಿಗೆ ಬರುವಷ್ಟರಲ್ಲಿ ತಣ್ಣಗಾಗಿರುತ್ತಿದ್ದರು. ಮುಟ್ಟಬೇಡಿ ಎಂದು ಬರೆದವನು ಇದನ್ನು ನೋಡಿಲ್ಲ.

ಚಿಕ್ಕಪ್ಪ: ಅಕ್ಕ, ನೋಡಿದ್ದನ್ನು ನೀನು ಹೇಳಿದೆ, ಅನುಭವಿಸಿದ್ದನ್ನು ನಾನು ಹೇಳುತ್ತೇನೆ. ಮಗಳು ಅಂಗನವಾಡಿಗೆ ಹೋಗುತ್ತಿದ್ದ ಕಾಲದಲ್ಲಿ, ಕೊಬ್ಬರಿ ಇಳಿಸಿ ಖಾಲಿ ಟೆಂಪೊದಲ್ಲಿ ಬರುತ್ತಿದ್ದವನು ರಸ್ತೆ ಬದಿಯಲ್ಲಿ ಬಿದ್ದಿದ್ದ ಸೈಕಲ್ ಸವಾರನನ್ನು ಹತ್ತಿಸಿಕೊಂಡು ಹೋದೆ. ಆಸ್ಪತ್ರೆಯ ಕೌಂಟರಿನಲ್ಲಿ ಮೊದಲು ಮುಂಗಡ ಕಟ್ಟಿ ಎಂದರು. ಠಾಣೆಯಲ್ಲಿ, ಗುದ್ದಿದವನು ನೀನೇ ಅಲ್ಲದಿದ್ದರೆ ನಿನಗೇಕೆ ಇಷ್ಟು ಮರುಕ ಎಂದು ಕೇಳಿದರು. ಟೆಂಪೊವನ್ನು ಬಿಡಿಸಿಕೊಂಡು ಬರುವಷ್ಟರಲ್ಲಿ ಆ ತಿಂಗಳ ಬಾಡಿಗೆಯೆಲ್ಲ ಕೈಬಿಟ್ಟಿತ್ತು. ಇದು ಯಾರೋ ಕಳುಹಿಸಿದ ಸಂದೇಶವಲ್ಲ, ನನ್ನ ಮೈಮೇಲೆ ಬಂದದ್ದು.

(ಈ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಆ ಸೈಕಲ್ ಸವಾರ ಬದುಕಿದನೆಂಬುದನ್ನೂ, ಮರುವರ್ಷದ ಜಾತ್ರೆಯಲ್ಲಿ ಚಿಕ್ಕಪ್ಪನನ್ನು ಹುಡುಕಿಕೊಂಡು ಬಂದು ಕೈಮುಗಿದನೆಂಬುದನ್ನೂ ಅವರು ಎಂದೂ ಮೊದಲಾಗಿ ಹೇಳುವುದಿಲ್ಲ. ಅದನ್ನು ಹೇಳುವುದು ಚಿಕ್ಕಮ್ಮ.)

ಭಾವ: ಚಿಕ್ಕ ಮಾವನವರ ಅನುಭವವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ಹಳೆಯ ಕಾಲದ್ದು ಎಂಬುದನ್ನು ವಕೀಲನಾಗಿ ಹೇಳಲೇಬೇಕಾಗಿದೆ. ಗಾಯಾಳುವಿಗೆ ಮೊದಲು ಚಿಕಿತ್ಸೆ, ಪೊಲೀಸ್ ಕ್ರಮಗಳು ಆಮೇಲೆ ಎಂದು ಸರ್ವೋಚ್ಚ ನ್ಯಾಯಾಲಯವು ಪರಮಾನಂದ ಕಟಾರ ಪ್ರಕರಣದಲ್ಲಿ 1989ರಲ್ಲಿಯೇ ಹೇಳಿತ್ತು. ಅದು ವೈದ್ಯರ ಕರ್ತವ್ಯದ ಮಾತಾಯಿತು, ಕರೆತಂದವರ ರಕ್ಷಣೆಯ ಮಾತಾಗಲಿಲ್ಲ. ಆ ಕೊರತೆ ತುಂಬಿದ್ದು ಸೇವ್‌ಲೈಫ್ ಫೌಂಡೇಶನ್ ಎಂಬ ಸ್ವಯಂಸೇವಾ ಸಂಸ್ಥೆ ಹೂಡಿದ ಪ್ರಕರಣದಲ್ಲಿ. ಕೇಂದ್ರ ಸರ್ಕಾರವು 2015ರ ಮೇ ತಿಂಗಳಲ್ಲಿ ಹೊರಡಿಸಿದ್ದ ಮಾರ್ಗಸೂಚಿಗಳಿಗೆ ನ್ಯಾಯಾಲಯವು 2016ರ ಮಾರ್ಚ್ 30ರಂದು ದೇಶದಾದ್ಯಂತ ಅನ್ವಯವಾಗುವ ಬಲವನ್ನು ಕೊಟ್ಟಿತು. ಅದೇ ವರ್ಷ ನಮ್ಮ ರಾಜ್ಯದ ಶಾಸನಸಭೆ ಇದಕ್ಕೆಂದೇ ಪ್ರತ್ಯೇಕ ಕಾಯ್ದೆಯನ್ನು ಅಂಗೀಕರಿಸಿತು. 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದಾಗ, ಇಂತಹ ಕಾಯ್ದೆ ಮಾಡಿದ ಮೊದಲ ರಾಜ್ಯ ಕರ್ನಾಟಕವೇ ಆಗಿತ್ತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಎಂಬ ಕಲಮು ಸೇರಿತು. ಸದ್ಭಾವನೆಯಿಂದ, ಸ್ವಇಚ್ಛೆಯಿಂದ, ಪ್ರತಿಫಲದ ನಿರೀಕ್ಷೆಯಿಲ್ಲದೆ ನೆರವಾದವರ ಕೈಯಲ್ಲಿ ಗಾಯಾಳುವಿಗೆ ಹಾನಿಯಾದರೂ, ಕೊನೆಗೆ ಆತ ಸತ್ತರೂ, ಅವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆಯನ್ನು ಹೊರಿಸುವಂತಿಲ್ಲ. ಹೆಸರು, ವಿಳಾಸ ಕೊಡಿ ಎಂದು ಒತ್ತಾಯಿಸುವಂತಿಲ್ಲ. ಸಾಕ್ಷಿಯಾಗಲು ತಾವಾಗಿ ಒಪ್ಪಿದರೆ ಮಾತ್ರ ಸಾಕ್ಷಿ, ಅದೂ ಅವರಿಗೆ ಅನುಕೂಲವಾದ ಸ್ಥಳದಲ್ಲಿ, ಒಂದೇ ಬಾರಿ.

ದೊಡ್ಡಪ್ಪ: ಅಳಿಯಂದಿರೇ, ಕಾನೂನು ಪುಸ್ತಕದಲ್ಲಿ ಇರುವುದು ನನಗೂ ಸಂತೋಷವೇ. ಆದರೆ ರಾತ್ರಿ ಹನ್ನೊಂದು ಗಂಟೆಗೆ ಠಾಣೆಯಲ್ಲಿ ಕುಳಿತಿರುವ ಮುಖ್ಯಪೇದೆಗೆ 134ಎ ನೆನಪಿರುತ್ತದೆಯೇ? ಸಿಟ್ಟಿಗೆದ್ದ ಗುಂಪಿಗೆ ನೆನಪಿರುತ್ತದೆಯೇ? ಇವನೇ ಗುದ್ದಿದವನು ಎಂದು ಒಬ್ಬ ಕೂಗಿದರೆ, ಕಲಮಿನ ಸಂಖ್ಯೆ ಹೇಳುವಷ್ಟು ಸಮಯವನ್ನು ಅವರು ಕೊಡುತ್ತಾರೆಯೇ?

ಭಾವ: ಗುಂಪಿನ ವಿಷಯದಲ್ಲಿ ನಿಮ್ಮ ಮಾತಿಗೆ ನನ್ನಲ್ಲಿ ಉತ್ತರವಿಲ್ಲ.

(ಇಲ್ಲಿಯವರೆಗಿನ ಮಾತು ಹಿರಿಯರದಾಗಿತ್ತು. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಚಿಕ್ಕಪ್ಪನ ಮಗಳು, ಅಂದರೆ ನನ್ನ ತಂಗಿ, ತನ್ನ ತಂದೆಗೆ ವಿರುದ್ಧವಾಗಿ ಬರೆಯುವ ಮೊದಲು ಸಾಕಷ್ಟು ಹೊತ್ತು ಯೋಚಿಸಿರಬೇಕು. ‘ಬರೆಯುತ್ತಿದ್ದಾರೆ’ ಎಂಬ ಸೂಚನೆ ಮೂಡುತ್ತ ಮಾಯವಾಗುತ್ತ ಇತ್ತು.)

ತಂಗಿ: ಅಪ್ಪ, ದೊಡ್ಡಪ್ಪ, ಇಬ್ಬರೂ ಕ್ಷಮಿಸಬೇಕು. 2016ರ ಫೆಬ್ರುವರಿಯಲ್ಲಿ ನಮ್ಮ ಗುಬ್ಬಿ ಕಡೆಯಿಂದ ಬೆಂಗಳೂರಿಗೆ ಬೈಕಿನಲ್ಲಿ ಮರಳುತ್ತಿದ್ದ ಹರೀಶ್ ಎಂಬ ಯುವಕ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿದಾಗ, ದೇಹ ಎರಡಾಗಿದ್ದರೂ ಪ್ರಜ್ಞೆ ಇತ್ತು. ಆ ಸ್ಥಿತಿಯಲ್ಲಿ ಆತ ಸುತ್ತ ನಿಂತವರನ್ನು ಕೇಳಿಕೊಂಡದ್ದು ತನ್ನ ಅಂಗಗಳನ್ನು ದಾನ ಮಾಡಿ ಎಂದು, ಮತ್ತು ಅವರ ಕಣ್ಣುಗಳನ್ನು ದಾನವಾಗಿ ಪಡೆಯಲಾಯಿತು. ಅಂದು ಮೊಬೈಲಿನಲ್ಲಿ ಚಿತ್ರೀಕರಿಸಿದವರಿದ್ದರು ಎಂಬುದನ್ನು ಇಡೀ ನಾಡು ನೋಡಿತು. ಚಿತ್ರೀಕರಿಸಿದರೆ ಪ್ರಕರಣ ದಾಖಲಾಗುತ್ತದೆ ಎಂದು ಹೆದರದವರು ಒತ್ತಿ ಹಿಡಿದರೆ ದಾಖಲಾಗುತ್ತದೆ ಎಂದು ಹೆದರುವುದು ನನಗೆ ಅರ್ಥವಾಗುವುದಿಲ್ಲ. ರಾಜ್ಯ ಸರ್ಕಾರವು ಮರುತಿಂಗಳೇ ಅವರ ಹೆಸರಿನಲ್ಲಿ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆಯನ್ನು ಆರಂಭಿಸಿ, ಗಾಯಾಳು ಯಾವ ಊರಿನವರೇ ಆಗಿರಲಿ, ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿಯವರೆಗೆ ಭರಿಸುವುದಾಗಿ ಹೇಳಿತು. 2025ರ ಮೇ ತಿಂಗಳಿನಿಂದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆಯೂ ಇದೆ, ಅದರಲ್ಲಿ ಏಳು ದಿನಗಳಿಗೆ ಒಂದೂವರೆ ಲಕ್ಷದವರೆಗೆ ಅವಕಾಶವಿದೆ. ಹಣ ನೀವೇ ಕಟ್ಟಬೇಕಾಗುತ್ತದೆ ಎಂಬ ವಾಕ್ಯ ಇನ್ನೂ ಏಕೆ ಹರಿದಾಡಬೇಕು?

ಚಿಕ್ಕಪ್ಪ: ನಿನ್ನ ಮಾತಿಗೆ ಸಿಟ್ಟಿಲ್ಲ ಮಗಳೇ. ನನ್ನ ಟೆಂಪೊ ಠಾಣೆಯ ಅಂಗಳದಲ್ಲಿ ನಿಂತಿದ್ದಾಗ ಮನೆಯಲ್ಲಿ ನಿನಗೆ ಹಾಲು ತರಲು ಅಂಗಡಿಯವರು ಸಾಲ ಕೊಟ್ಟರು. ಆ ಸಾಲವನ್ನು ಯಾವ ಯೋಜನೆಯೂ ತೀರಿಸಲಿಲ್ಲ ಎಂಬುದಷ್ಟೇ ನನ್ನ ಮಾತು.

ಆ ಹಾಲಿನ ಸಾಲದ ಮಾತು ಬಂದ ಮೇಲೆ ನನಗೂ ಬರೆಯಬೇಕೆನಿಸಿತು. ನಾನು ಹಾಕಿದ್ದನ್ನು ತಿದ್ದದೆ ಕೊಡುತ್ತೇನೆ.

ನಾನು: ಚಿಕ್ಕಪ್ಪ, ಆ ಅಂಗಡಿಯವರು ಸಾಲ ಕೊಟ್ಟದ್ದು ನಿಮ್ಮನ್ನು ಬಲ್ಲವರಾಗಿದ್ದರಿಂದ. ನಮ್ಮ ಬೀದಿಯಲ್ಲಿ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಪಕ್ಕದವರು ಅನ್ನ ತಂದಿಡುತ್ತಾರೆ. ಮದುವೆಯಲ್ಲಿ ಯಾರು ಎಷ್ಟು ಮುಯ್ಯಿ ಮಾಡಿದರು ಎಂಬುದು ಪುಸ್ತಕದಲ್ಲಿ ಇರುತ್ತದೆ, ಅವರ ಮನೆಯ ಮದುವೆಗೆ ಹೋಗುವ ಮುನ್ನ ಅಜ್ಜಿ ಅದನ್ನು ತೆಗೆಸಿ ಓದಿಸುತ್ತಿದ್ದರು. ಇದನ್ನು ನಾನು ಹಗುರವಾಗಿ ಹೇಳುತ್ತಿಲ್ಲ, ಊರು ನಿಂತಿರುವುದೇ ಇದರ ಮೇಲೆ. ಆದರೆ ನೆರೆಯವರಿಗೆ ಮಾಡಿದ ಉಪಕಾರಕ್ಕೆ ಇಂದಲ್ಲ ನಾಳೆ ತಿರುಗಿ ಬರುವ ದಾರಿ ಇದೆ, ಮಾಡಿದವನಿಗೆ ಆ ಭರವಸೆಯೂ ಇದೆ. ಹೆದ್ದಾರಿಯಲ್ಲಿ ಬಿದ್ದಿರುವ ಅಪರಿಚಿತನಿಂದ ಏನೂ ತಿರುಗಿ ಬರುವುದಿಲ್ಲ, ಬರುವುದಾದರೆ ತೊಂದರೆಯೇ ಬರಬಹುದು ಎಂಬ ಲೆಕ್ಕದಿಂದ ಜನ ಹಿಂದೆ ಸರಿಯುತ್ತಾರೆಯೇ ಹೊರತು ಕಲ್ಲುಮನಸ್ಸಿನವರಾಗಿರುವುದರಿಂದಲ್ಲ. ಕಾನೂನು ಮಾಡಿರುವುದು ಇಷ್ಟೇ: ನಿಮಗೂ ಆ ಅಪರಿಚಿತನಿಗೂ ನಡುವೆ ಇಲ್ಲದಿರುವ ಪರಿಚಯದ ಜಾಗದಲ್ಲಿ ತಾನು ಜಾಮೀನಾಗಿ ನಿಂತಿದೆ. 2022ರ ಒಂದೇ ವರ್ಷದಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತಿದ್ದಾರೆ. ಅವರಲ್ಲಿ ಹೆಚ್ಚಿನವರು ಬಿದ್ದ ಜಾಗದಲ್ಲಿ ಅವರನ್ನು ಬಲ್ಲವರು ಯಾರೂ ಇದ್ದಿರಲಾರರು. ಜಾಮೀನು ಇದೆ ಎಂಬುದನ್ನೇ ಮುಚ್ಚಿಡುವ ಸಂದೇಶವನ್ನು ಎಚ್ಚರಿಕೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ದೊಡ್ಡಪ್ಪ: ನಿನ್ನ ವಾದದಲ್ಲಿ ಒಂದು ದೋಷವಿದೆ. ತಿರುಗಿ ಬಾರದ ಉಪಕಾರವನ್ನು ನಮ್ಮವರು ಅರಿಯರು ಎಂಬಂತೆ ಬರೆದಿದ್ದೀಯೆ. ದಾರಿಹೋಕರಿಗೆ ನೀರು ಕೊಡುವ ಅರವಟ್ಟಿಗೆಗಳಿಗೆ ದತ್ತಿ ಬಿಟ್ಟ ವಿಷಯ ಹಳೆಯ ಶಾಸನಗಳಲ್ಲಿಯೇ ಇದೆ. ಕುಡಿದವನ ಊರು ಯಾವುದು ಎಂದು ಯಾರೂ ಕೇಳಲಿಲ್ಲ. ಸಾಲುಮರದ ತಿಮ್ಮಕ್ಕನವರು ಪತಿಯೊಡನೆ ಹುಲಿಕಲ್ಲಿನಿಂದ ಕುದೂರಿನ ದಾರಿಯುದ್ದಕ್ಕೂ ಆಲದ ಸಸಿಗಳನ್ನು ನೆಟ್ಟು, ಕೊಡದಲ್ಲಿ ನೀರು ಹೊತ್ತು ಬೆಳೆಸಿದ್ದು, ಆ ನೆರಳಿನಲ್ಲಿ ಕುಳಿತುಕೊಳ್ಳುವವರು ಯಾರೆಂದು ತಿಳಿದುಕೊಂಡೇನೂ ಅಲ್ಲ.

ಚಿಕ್ಕಪ್ಪ: ನೆರಳಿನಲ್ಲಿ ಕುಳಿತವನು ಸತ್ತರೆ ಮರ ನೆಟ್ಟವರನ್ನು ಯಾರೂ ಠಾಣೆಗೆ ಕರೆಯುವುದಿಲ್ಲ, ಅಣ್ಣ.

ಅತ್ತೆ: ಅದಿರಲಿ. ಅಣ್ಣ, ಬೆಳಿಗ್ಗೆ ಮುಟ್ಟಬೇಡಿ ಎಂದು ಹಾಕಿದವರೂ ನೀವೇ, ಮಧ್ಯಾಹ್ನ ಅರವಟ್ಟಿಗೆಯ ಪುಣ್ಯ ಹೇಳುತ್ತಿರುವವರೂ ನೀವೇ. ಯಾವ ಪಕ್ಷದಲ್ಲಿದ್ದೀರಿ ಎಂದು ತಿಳಿಸಿದರೆ ಉಪಕಾರವಾಗುತ್ತದೆ.

(ದೊಡ್ಡಪ್ಪ ಆ ಪ್ರಶ್ನೆಗೆ ಉತ್ತರಿಸಲಿಲ್ಲ. ಸಂಜೆಯವರೆಗೆ ಗುಂಪು ಸುಮ್ಮನಿತ್ತು. ಮತ್ತೆ ಕೆದಕಿದವರು ಭಾವ, ಅದೂ ಸಮಾಧಾನಪಡಿಸುವ ಉದ್ದೇಶದಿಂದ.)

ಭಾವ: ಇನ್ನೊಂದು ಸಂಗತಿಯನ್ನು ಹೇಳಲು ಮರೆತಿದ್ದೆ. ಗಂಭೀರವಾಗಿ ಗಾಯಗೊಂಡವರನ್ನು ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆಗೆ ತಲುಪಿಸಿದವರಿಗೆ ಕೇಂದ್ರ ಸರ್ಕಾರವು 2021ರಿಂದ 5,000 ರೂಪಾಯಿಗಳ ಬಹುಮಾನ ಕೊಡುತ್ತಿತ್ತು, ಅದನ್ನು 2025ರಲ್ಲಿ 25,000ಕ್ಕೆ ಏರಿಸಿದೆ.

ಚಿಕ್ಕಪ್ಪ: ಅಳಿಯಂದಿರು ಕೋಪಿಸಿಕೊಳ್ಳಬಾರದು. ಪ್ರತಿಫಲದ ನಿರೀಕ್ಷೆಯಿಲ್ಲದೆ ನೆರವಾದವನಿಗೆ ಮಾತ್ರ ರಕ್ಷಣೆ ಎಂದು ಬೆಳಿಗ್ಗೆ ನೀವೇ ಬರೆದಿದ್ದೀರಿ. ಈಗ ಬಹುಮಾನವಿದೆ ಎನ್ನುತ್ತೀರಿ. ಹೆಸರು ಹೇಳದೆ ಹೊರಟುಹೋಗಬಹುದು ಎಂದಿರಿ, ಆದರೆ ಬಹುಮಾನದ ಹಣ ಹೆಸರಿಲ್ಲದವನ ಖಾತೆಗೆ ಬರುವುದಿಲ್ಲವಲ್ಲ. ಹೆಸರು ಕೊಟ್ಟವನು ಹಣಕ್ಕಾಗಿ ಮಾಡಿದನೆಂದು ಎದುರು ಪಕ್ಷದ ವಕೀಲರು ಕೇಳಿದರೆ ಏನು ಹೇಳುವುದು?

ಭಾವ: ಸರ್ಕಾರ ಆಮೇಲೆ ತಾನಾಗಿ ಕೊಡುವ ಬಹುಮಾನವೇ ಬೇರೆ, ಗಾಯಾಳುವನ್ನು ಎತ್ತಿಕೊಳ್ಳುವಾಗ ಮನಸ್ಸಿನಲ್ಲಿದ್ದ ನಿರೀಕ್ಷೆಯೇ ಬೇರೆ ಎಂದು ನಾನು ವಾದಿಸುತ್ತೇನೆ. ಆದರೆ ನಿಮ್ಮ ಪ್ರಶ್ನೆ ನ್ಯಾಯವಾದದ್ದು.

ನನಗಂತೂ ಈ ಬಹುಮಾನದ ವಿಷಯದಲ್ಲಿ ಚಿಕ್ಕಪ್ಪನ ಮಾತೇ ಸರಿಯೆನಿಸಿತು. ಆಸ್ಪತ್ರೆಯ ಕೌಂಟರಿನಲ್ಲಿ ಯಾರೂ ಗದರದಿದ್ದರೆ ಸಾಕು ಎನ್ನುವವನಿಗೆ, ಪೊಲೀಸರ ದೃಢೀಕರಣ, ಜಿಲ್ಲಾ ಸಮಿತಿಯ ಪರಿಶೀಲನೆ, ಆನಂತರ ಖಾತೆಗೆ ಹಣ ಎಂಬ ದಾರಿಯನ್ನು ತೋರಿಸುವುದರಲ್ಲಿ ಏನೋ ಅಪಹಾಸ್ಯವಿದೆ.

ಅತ್ತೆ: ಎಲ್ಲರೂ ಗಾಡಿಯಲ್ಲಿ ಹಾಕಿಕೊಂಡು ಹೋಗುವುದನ್ನೇ ನೆರವು ಎಂದುಕೊಂಡಿದ್ದೀರಿ. ಹಿಂದಿನಿಂದ ಬರುವ ಲಾರಿಗೆ ಕಾಣುವಂತೆ ನಿಮ್ಮ ವಾಹನವನ್ನು ದೀಪ ಮಿನುಗಿಸಿ ನಿಲ್ಲಿಸುವುದು, 108ಕ್ಕೆ ಕರೆ ಮಾಡಿ ಯಾವ ಸೇತುವೆಯ ಬಳಿ, ಯಾವ ಊರಿನ ಗೇಟಿನ ಮುಂದೆ ಎಂದು ಸರಿಯಾಗಿ ಹೇಳುವುದು, ಆಂಬುಲೆನ್ಸ್ ಬರುವವರೆಗೆ ಇನ್ನೊಬ್ಬರನ್ನು ಜೊತೆಗೆ ನಿಲ್ಲಿಸಿಕೊಳ್ಳುವುದು, ಪ್ರಜ್ಞೆ ಇದ್ದರೆ ಮನೆಯವರ ಸಂಖ್ಯೆ ಕೇಳಿ ತಿಳಿಸುವುದು, ಇವು ಯಾವುವಕ್ಕೂ ಟೆಂಪೊ ಬೇಕಿಲ್ಲ. 2008ರ ರಾಜ್ಯೋತ್ಸವದಂದು 108 ಸೇವೆ ಬಂದ ಮೇಲೆ ನಮ್ಮ ಆಸ್ಪತ್ರೆಗೆ ಬರುತ್ತಿದ್ದವರ ಸ್ಥಿತಿಯಲ್ಲಿ ವ್ಯತ್ಯಾಸವನ್ನು ನಾನು ಕಣ್ಣಾರೆ ಕಂಡೆ. ಆದರೆ ಯಾರಾದರೂ ಒಬ್ಬರು ನಿಂತು ಕರೆ ಮಾಡಿದರೆ ತಾನೇ ಅದು ಬರುವುದು? ಇನ್ನೊಬ್ಬರು ಜೊತೆಗಿದ್ದರೆ, ಅಣ್ಣ ಹೇಳಿದ ಗುಂಪಿನ ಭಯವೂ ಸ್ವಲ್ಪ ಕಡಿಮೆಯಾಗುತ್ತದೆ.

ಚಿಕ್ಕಪ್ಪ: ಕರೆ ಮಾಡುವುದನ್ನು ನಾನೆಂದೂ ಬಿಟ್ಟಿಲ್ಲ, ಅಕ್ಕ. ಈ ಸಲ ಚಳಿಗಾಲದಲ್ಲಿಯೂ ಕಬ್ಬಿನ ಟ್ರ್ಯಾಕ್ಟರಿಗೆ ಹಿಂದಿನಿಂದ ಗುದ್ದಿಕೊಂಡ ಹುಡುಗನ ಬಳಿ ಆಂಬುಲೆನ್ಸ್ ಬರುವವರೆಗೆ ನಿಂತಿದ್ದೆ. ಮನೆಯಲ್ಲಿ ಹೇಳಿರಲಿಲ್ಲ.

ತಂಗಿ: ಅಪ್ಪ!

(ಪೂರ್ಣ ವಾಕ್ಯದ ಕಟ್ಟಳೆಯನ್ನು ಮುರಿದ ಈ ಒಂದು ಸಂದೇಶವನ್ನು ದೊಡ್ಡಪ್ಪನವರು ತಿದ್ದಲಿಲ್ಲ.)

ಭಾವ: ಮಾವನವರ ಗಮನಕ್ಕೆ ಇನ್ನೊಂದು ವಿಷಯ. 134ಎ ಕಲಮಿನಡಿ 2020ರಲ್ಲಿ ಬಂದ ನಿಯಮಗಳ ಪ್ರಕಾರ ಪ್ರತಿಯೊಂದು ಆಸ್ಪತ್ರೆಯೂ, ನೆರವಾದವರ ಹಕ್ಕುಗಳೇನು ಎಂಬ ಫಲಕವನ್ನು ಪ್ರವೇಶದ್ವಾರದಲ್ಲಿ ಅಥವಾ ಎದ್ದು ಕಾಣುವ ಬೇರೆ ಜಾಗದಲ್ಲಿ, ಸ್ಥಳೀಯ ಭಾಷೆಯಲ್ಲಿಯೂ ಹಾಕಬೇಕು. ಮುಖ್ಯಪೇದೆಗೆ ನೆನಪಿಲ್ಲದಿದ್ದರೆ ಬೆರಳು ಮಾಡಿ ತೋರಿಸಬಹುದಾದದ್ದು ಅದೇ.

ಅತ್ತೆ: ಸೋಮವಾರ ಸಕ್ಕರೆ ಪರೀಕ್ಷೆಗೆ ಆಸ್ಪತ್ರೆಗೆ ಹೋಗುವವರು ಅಣ್ಣನೇ. ಕನ್ನಡಕ ಮರೆಯದಿರಲಿ.

ದೊಡ್ಡಪ್ಪ (ಸೋಮವಾರ ಮಧ್ಯಾಹ್ನ): ಹೋಗಿ ಬಂದೆ. ಫಲಕವಿದೆ. ಪ್ರವೇಶದ್ವಾರದಲ್ಲಿ ಅಲ್ಲ, ಕುಡಿಯುವ ನೀರಿನ ಯಂತ್ರದ ಹಿಂದೆ, ಇಂಗ್ಲಿಷಿನಲ್ಲಿ ಮಾತ್ರ. ಆಡಳಿತಾಧಿಕಾರಿಗಳಿಗೆ ಅಲ್ಲಿಯೇ ಕುಳಿತು ಕನ್ನಡದಲ್ಲಿ ಒಂದು ಮನವಿ ಬರೆದುಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬಂದಿದ್ದೇನೆ. ನಿನ್ನೆಯ ಸಂದೇಶವನ್ನು ಅಳಿಸುವುದಿಲ್ಲ. ತಪ್ಪಾದ ಉತ್ತರವನ್ನು ಅಳಿಸದೆ, ಪಕ್ಕದಲ್ಲಿ ಸರಿಯುತ್ತರ ಬರೆಯುವುದು ನನ್ನ ಪದ್ಧತಿ. ಅಳಿಯಂದಿರು ಕಾನೂನಿನ ಭಾಗವನ್ನೂ ಶುಶ್ರೂಷಕಿಯಾಗಿದ್ದ ನನ್ನ ತಂಗಿ ಪ್ರಥಮ ಚಿಕಿತ್ಸೆಯ ಭಾಗವನ್ನೂ ನಾಲ್ಕು ನಾಲ್ಕು ಸಾಲುಗಳಲ್ಲಿ ಬರೆದುಕೊಟ್ಟರೆ, ನನಗೆ ಇದನ್ನು ಕಳುಹಿಸಿದ ಗೆಳೆಯರಿಗೂ ನಾನು ಕಳುಹಿಸಿದ ಉಳಿದ ಮೂರು ಗುಂಪುಗಳಿಗೂ ತಲುಪಿಸುತ್ತೇನೆ.

ಚಿಕ್ಕಪ್ಪ: ಉಳಿದ ಮೂರು ಗುಂಪುಗಳಿಗೂ ಹಾಕಿದ್ದಿರಾ, ಅಣ್ಣ?